ಕಾಲುಂಗುರದ ಬೆಳ್ಳಿಯ ರೀಲು

ಒಳಪೇಟೆ ಹುಬ್ಬಳ್ಳಿ
ಎರಡನೆಯ ಬೇಸಿಗೆ, ಹದಿಮೂರನೆಯ ತಿಂಗಳು. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೨೪೮.

ಈ ಪೊಟ್ಟಣ ಯಾರ ಕೈಗೆ ಸೇರಿದೆಯೋ ಅವರಿಗೆ ಕಲ್ಲವ್ವ ಹೆಬಸೂರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ಎರಡನೆಯದಕ್ಕೆ ಜಾಗ ಮಾಡಲು ಒಂದು ತಿಂಗಳು ಹೆಚ್ಚಿಗೆ ಬೇಕಾಯಿತು. ನನ್ನ ಭಾಷೆ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಹಳೆಯ ಕಾಗದಗಳನ್ನು ಓದಿ ಕಲಿತ ಕನ್ನಡ ಇದು; ಇಲ್ಲಿ ಈಗ ಯಾರೂ ಹೀಗೆ ಬರೆಯುವುದಿಲ್ಲ. ಇದು ನಿಮಗೆ ಬಂದದ್ದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಎಪ್ಪತ್ತು ದಾಟಿದವರಿಗೆ ಜೀವಮಾನದಲ್ಲಿ ಒಂದೇ ಪೊಟ್ಟಣ ಕಳಿಸಲು ಬಿಡುತ್ತಾರೆ, ಅದೂ ಅಂಗೈಯಲ್ಲಿ ಹಿಡಿಸುವಷ್ಟು. ಇನ್ನೂರು ವರ್ಷಕ್ಕಿಂತ ಈಚೆಗೆ ಕಳಿಸುವ ಹಾಗಿಲ್ಲ. ಆದ್ದರಿಂದ ತೀರಿಹೋದ ಅಪ್ಪ ಅಮ್ಮನಿಗೆ ಬರೆಯುವ ಆಸೆ ಯಾರಿಗೂ ಕೈಗೂಡುವುದಿಲ್ಲ, ಗುರುತಿಲ್ಲದವರಿಗೇ ಬರೆಯಬೇಕು. ಉತ್ತರ ಬರುವ ದಾರಿಯೂ ಇಲ್ಲ. ಇದ್ಯಾವ ಸುಖಕ್ಕೆ ಎಂದು ಬಹಳ ಮಂದಿ ಕಳಿಸುವುದೇ ಇಲ್ಲ. ನಾನು ಮಾತ್ರ, ಕಪ್ಪು ಬಿಳುಪು ಫಿಲ್ಮಿನಲ್ಲಿ ಫೋಟೊ ತೆಗೆಯುವ ಹುಚ್ಚಿರುವ ಯಾರಾದರೊಬ್ಬರ ಮನೆಗೆ ಇದು ಮುಟ್ಟಲಿ ಎಂದು ಕೇಳಿಕೊಂಡಿದ್ದೇನೆ. ಆ ಹುಚ್ಚು ನಿಮಗಿದ್ದರೆ ಮುಂದೆ ಓದಿ. ಇಲ್ಲದಿದ್ದರೆ ದಯವಿಟ್ಟು ನಿಮ್ಮೂರಿನಲ್ಲಿ ಅಂಥವರನ್ನು ಹುಡುಕಿ ಕೊಡಿ.

ನಮ್ಮೂರಿಗೆ ಈಗ ಮೇಲೆ ಸೂರು ಇದೆ. ಮಧ್ಯಾಹ್ನ ಊರೆಲ್ಲ ಮಲಗುತ್ತದೆ, ಸಂಜೆ ಸೂರಿನ ಕಿಂಡಿಗಳನ್ನು ತೆರೆದ ಮೇಲೆ ಅಂಗಡಿ ಬಾಗಿಲು ತೆಗೆಯುತ್ತಾರೆ. ಜೋಳದ ರೊಟ್ಟಿ ಇನ್ನೂ ಇದೆ, ಸಮಾಧಾನ ಮಾಡಿಕೊಳ್ಳಿ. ಫೋಟೊ ಇಲ್ಲ. ಅದರ ಜಾಗದಲ್ಲಿ ಮಾರುಚಿತ್ರ ಬಂದಿದೆ. ಪ್ರತಿ ಮನೆಯ ಗೋಡೆಯೂ ಕೇಳಿದವರನ್ನು ತೋರಿಸುತ್ತದೆ, ಆದರೆ ನೋಡುವವರ ಮನಸ್ಸಿಗೆ ಹಿತವಾಗುವಂತೆ ತಿದ್ದಿ ತೋರಿಸುತ್ತದೆ. ನಾನು ಬೇಸರದಲ್ಲಿದ್ದರೆ ಅಮ್ಮ ನಗುತ್ತಾಳೆ. ನನಗೆ ಸಿಟ್ಟು ಬಂದಿದ್ದರೆ ಅಮ್ಮ ತಲೆ ತಗ್ಗಿಸುತ್ತಾಳೆ. ಬದುಕಿದ್ದಾಗ ಆಕೆ ಯಾರಿಗೂ ತಲೆ ತಗ್ಗಿಸಿದವಳಲ್ಲ! ಕನ್ನಡಿಯೂ ಈಗ ಇದೇ ಜಾತಿಯದು. ನನ್ನ ಮುಖದ ಸುಕ್ಕುಗಳನ್ನು ನಾನು ಬೆರಳಿನಿಂದ ತಡವಿ ಬಲ್ಲೆನೇ ಹೊರತು ಕಣ್ಣಿನಿಂದ ಕಂಡಿಲ್ಲ. ನೆರೆಯವರಿಗೆ ಹೇಳಿದರೆ, ಇರಲಿ ಬಿಡವ್ವ, ಚಂದ ಕಂಡರೆ ನಿನಗೇನು ಕಷ್ಟ ಎನ್ನುತ್ತಾರೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಬೆಳ್ಳಿಕೂಟಕ್ಕೆ ಸೇರಿದೆ. ಹಳೆಯ ರೀತಿಯಲ್ಲಿ ಫಿಲ್ಮ್ ಮಾಡಿ, ಫೋಟೊ ತೆಗೆದು, ತೊಳೆದು ನೋಡುವವರ ಸಣ್ಣ ಗುಂಪು ಅದು. ಮೊದಲ ದಿನವೇ ಕೆಂಪು ದೀಪದ ಕೋಣೆಯಲ್ಲಿ ಯಾರೋ ಒಬ್ಬರು ಬಿಳಿ ಕಾಗದವನ್ನು ನೀರಿನಂಥ ದ್ರಾವಣದಲ್ಲಿ ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ಅಲುಗಿಸಿದರು. ಏನೂ ಇಲ್ಲದಲ್ಲಿ ಒಂದು ಹುಬ್ಬು ಮೂಡಿತು, ಆಮೇಲೆ ಮೂಗು, ಆಮೇಲೆ ನನ್ನನ್ನೇ ದುರುಗುಟ್ಟಿ ನೋಡುವ ಒಬ್ಬ ಮುದುಕ. ನಾನು ಎಷ್ಟು ಸಲ ನೋಡಿದರೂ ಆತ ದುರುಗುಟ್ಟುವುದನ್ನು ಬಿಡಲಿಲ್ಲ. ಅಂದೇ ನಾನು ಕೆಟ್ಟೆ. ಮದುವೆಯಾದ ಮೇಲೂ ಸೀರೆಯ ಸೆರಗಿಗೆ ದ್ರಾವಣಗಳ ಹುಳಿ ವಾಸನೆ ಅಂಟಿಸಿಕೊಂಡೇ ಮನೆಗೆ ಬರುತ್ತಿದ್ದೆ, ಗಂಡ ಮೂಗು ಮುಚ್ಚಿಕೊಂಡು ಬಾಗಿಲು ತೆಗೆಯುತ್ತಿದ್ದ. ಫಿಲ್ಮಿಗೆ ಬೆಳ್ಳಿ ಬೇಕು, ಬೆಳ್ಳಿ ಪೇಟೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಕೂಟದಲ್ಲಿ ಒಂದು ಪದ್ಧತಿಯಿತ್ತು: ಮನೆಯಲ್ಲಿ ಸಾವಾದರೆ ಆ ಮನೆಯ ಒಂದು ಬೆಳ್ಳಿ ಸಾಮಾನನ್ನು ಕರಗಿಸಲು ಕೊಡಬೇಕು. ಕುಂಕುಮದ ಭರಣಿ, ಕಾಲ್ಗೆಜ್ಜೆ, ಹಾಲುಣಿಸುವ ಒಳಲೆ, ಎಲ್ಲ ಫಿಲ್ಮ್ ಆದವು. ಗಂಡ ತೀರಿಕೊಂಡಾಗ ನಾನು ಕಾಲುಂಗುರ ಕೊಟ್ಟೆ.

ಕೂಟದವರು ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದವರು ನಾನು ಮತ್ತು ಫಕ್ಕೀರಪ್ಪ ಬಾರಕೇರ. ಕೂಟದ ಕ್ಯಾಮೆರಾಗಳನ್ನು ರಿಪೇರಿ ಮಾಡುತ್ತಿದ್ದವನು ಅವನೇ. ನಾನು ಅಣ್ಣಾ ಎನ್ನುತ್ತಿದ್ದೆ. ಎಡಗಣ್ಣು ಸ್ವಲ್ಪ ಜೋಲು, ಮುಂದಿನ ಹಲ್ಲು ಎರಡಿಲ್ಲ, ನಕ್ಕರೆ ಊರಿಗೆಲ್ಲ ಕೇಳಬೇಕು. ಆಗ ಇದ್ದದ್ದು ಒಂದೇ ರೀಲು, ನನ್ನ ಕಾಲುಂಗುರದ ಬೆಳ್ಳಿಯದು. ಅದನ್ನು ತೊಳೆಯಲು ಒಂದೇ ಬಾಟಲಿ ದ್ರಾವಣ. ಅವನ ಉಸಿರಾಟ ಕೆಡುತ್ತಾ ಬಂದಿತ್ತು. ಅವನದೊಂದು ಫೋಟೊ ಅಲ್ಲಿಯವರೆಗೆ ಯಾರೂ ತೆಗೆದಿರಲಿಲ್ಲ. ಅವನ ಮುಖವೊಂದು ನಿಜವಾದದ್ದು ನನಗೆ ಬೇಕು ಎಂದು ಹಟ ಹಿಡಿದು ಕಿಂಡಿಯ ಕೆಳಗೆ ಕೂರಿಸಿದೆ. ಅವನೂ ರಾಜನ ಹಾಗೆ ಕುಳಿತ. ಟೊಪ್ಪಿಗೆ ಇಟ್ಟು, ಟೊಪ್ಪಿಗೆ ತೆಗೆದು, ನಗುತ್ತ, ಬೈಯುತ್ತ. ರೀಲು ಮುಗಿಯುವವರೆಗೂ ತೆಗೆದೆ. ಅಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿತು, ಕ್ಯಾಮೆರಾ ಹಲಗೆಯ ಮೇಲಿಟ್ಟು ಆಸ್ಪತ್ರೆಗೆ ಓಡಿದೆವು.

ಆಸ್ಪತ್ರೆಯಲ್ಲಿ ಲೋಹದ ವಸ್ತು ಒಳಗೆ ಬಿಡುವುದಿಲ್ಲ, ಆದ್ದರಿಂದ ಬರಿಗೈಯಲ್ಲೇ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಒಂದು ಸಂಜೆ ಅವನು ಹೇಳಿದ: “ಕಲ್ಲವ್ವಾ, ರೀಲು ಮುಂದ ಹೋಗಿಲ್ಲ. ನೀ ಸುತ್ತುವಾಗ ಮ್ಯಾಲಿನ ಗುಂಡಿ ತಿರಗ್ತಿರಲಿಲ್ಲ, ನಾ ಎದುರಿಗೇ ಕುಂತು ನೋಡಿದೆ. ಹೇಳಿದ್ರ ಮತ್ತ ಹಾಕಿ ಎಲ್ಲಾ ನನ್ನ ಮ್ಯಾಲ ಖರ್ಚ್ ಮಾಡ್ತಿದ್ದಿ. ನಾ ಹೋಗಾಂವ. ಅದು ನಿನಗಿರಲಿ ಅಂತ ಸುಮ್ನ ಕುಂತೆ.” ನಿಮಗೆ ಇದು ಅರ್ಥವಾಗುತ್ತದೆ. ಫಿಲ್ಮಿನ ತುದಿ ಒಳಗಿನ ಉರುಳೆಗೆ ಸರಿಯಾಗಿ ಸಿಕ್ಕದಿದ್ದರೆ ಎಷ್ಟು ತೆಗೆದರೂ ಒಂದೂ ಮೂಡುವುದಿಲ್ಲ, ಫಿಲ್ಮ್ ಹಾಗೇ ಹೊಸದಾಗಿ ಉಳಿಯುತ್ತದೆ. ರೀಲು ಸರಿದರೆ ಮಾತ್ರ ತಿರುಗುವ ಆ ಗುಂಡಿಯನ್ನು ನಾನು ಅವಸರದಲ್ಲಿ ನೋಡಿರಲಿಲ್ಲ. “ನಿನಗ ಬುದ್ಧಿ ಐತೇನೋ ಅಣ್ಣಾ, ನನಗ ನಿನ್ನ ಮಾರಿ ಬೇಕಾಗಿತ್ತು” ಎಂದು ಅಳುತ್ತಲೇ ಬೈದೆ. ಅವನು ನಕ್ಕ. ಬೆಳಗಾಗುವುದರೊಳಗೆ ಹೋಗಿಬಿಟ್ಟ. ನಾನು ಆಸ್ಪತ್ರೆ ಮುಟ್ಟುವ ಮೊದಲೇ ಅವನನ್ನು ಒಯ್ದಿದ್ದರು.

ಈಗ ಗೋಡೆಯನ್ನು ಕೇಳಿದರೆ ಫಕ್ಕೀರಪ್ಪ ಬರುತ್ತಾನೆ. ಹಲ್ಲು ಸಾಲಾಗಿವೆ, ಎರಡೂ ಕಣ್ಣು ಸರಿಯಾಗಿವೆ, ಮೊನ್ನೆ ನನ್ನನ್ನು ನಗಿಸಲೆಂದು ಗೋಡೆ ಅವನಿಗೆ ನೀಲಿ ಕೋಟು ತೊಡಿಸಿತ್ತು. ನಾನು ಗೋಡೆಗೆ ಬೆಡ್‌ಶೀಟು ಹೊದಿಸಿದ್ದೇನೆ. ಜೋಲುಗಣ್ಣು ಎಡಗಡೆಯದು ಎಂದು ಮೇಲೆ ಬರೆಯುವಾಗ ಒಂದು ಗಳಿಗೆ ಅನುಮಾನ ಬಂತು, ಕೈ ನಿಂತಿತು. ಕೇಳೋಣವೆಂದರೆ ಅವನನ್ನು ಬಲ್ಲ ಇನ್ನೊಂದು ಜೀವ ಇಲ್ಲ. ಒಂಟಿತನ ಅಂದರೆ ಮಾತಿಗೆ ಜನವಿಲ್ಲದಿರುವುದು ಎಂದುಕೊಂಡಿದ್ದೆ. ಅಲ್ಲ, ಸರಿಯೋ ತಪ್ಪೋ ಹೇಳುವವರು ಇಲ್ಲದಿರುವುದು.

ಅವನು ಬಿಟ್ಟುಹೋದದ್ದನ್ನು ಹಾಗೇ ಇಟ್ಟುಕೊಂಡು ಸಾಯುವುದು ಸರಿಯಲ್ಲ ಎನಿಸಿತು. ಕ್ಯಾಮೆರಾವನ್ನು ಪೆಟ್ಟಿಗೆಯ ಮೇಲಿಟ್ಟು, ತಾನೇ ತೆಗೆಯುವಂತೆ ಸನ್ನೆಕೋಲು ತಿರುಗಿಸಿ, ಅವನು ಕುಳಿತ ಜಾಗದಲ್ಲೇ ಹೋಗಿ ಕುಳಿತೆ. ಒಂದೇ ಒಂದು ತೆಗೆದೆ. ಈ ಸಲ ರೀಲು ಸರಿದದ್ದನ್ನು ಕಣ್ಣಾರೆ ಕಂಡೆ. ತೊಳೆಯೋಣವೆಂದು ನೋಡಿದರೆ ಬಾಟಲಿಯ ದ್ರಾವಣ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ ಸತ್ತಿತ್ತು. ಇನ್ನು ಅದನ್ನು ಮಾಡುವ ಪುಡಿ ಈ ಲೋಕದಲ್ಲಿ ನನಗೆ ಸಿಗುವುದಿಲ್ಲ. ನಿಮ್ಮಲ್ಲಿ ಸಿಗುತ್ತದೆ.

ಆದ್ದರಿಂದ ರೀಲನ್ನೇ ಕಳಿಸುತ್ತಿದ್ದೇನೆ. ಬರಿಯ ತುದಿಯನ್ನಷ್ಟೇ ಹೊರಗೆ ಬಿಟ್ಟು ಸುತ್ತಿದ್ದೇನೆ, ಡಬ್ಬಿ ಒಡೆಯಬೇಡಿ. ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಲೆನ್ಸಿನ ಮುಚ್ಚಳ ತೆಗೆಯದೆ ಎರಡು ಮೂರು ಸಲ ಒತ್ತಿ, ನನ್ನನ್ನು ದಾಟಿ ಮುಂದಕ್ಕೆ ಹೋಗಿ. ಉಳಿದದ್ದೆಲ್ಲ ನಿಮಗೆ. ಮನೆಯವರನ್ನು ತೆಗೆಯಿರಿ. ಕಣ್ಣು ಮಿಟುಕಿಸಿದವರನ್ನು, ತಲೆ ಬಾಚಿಕೊಳ್ಳದವರನ್ನು, ಬೇಡವೆಂದು ಕೈ ಅಡ್ಡ ಹಿಡಿದವರನ್ನು. ಆಮೇಲೆ ತೊಳೆದು ಒಣಗಲು ನೇತುಹಾಕಿದಾಗ, ನಿಮ್ಮವರ ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಮುದುಕಿ ಕುಳಿತಿರುತ್ತಾಳೆ. ಹೇಗಿದ್ದಾಳೋ ನನಗೆ ತಿಳಿಯದು, ನೀವು ನೋಡಿ. ರೀಲನ್ನು ತುಂಡು ಮಾಡಿ ಎತ್ತಿಡುವಾಗ ಒಂದು ಉಪಕಾರ ಮಾಡಿ: ನನ್ನನ್ನು ನಿಮ್ಮ ಮನೆಯವರಿಂದ ಕತ್ತರಿಸಬೇಡಿ.

ಇಂತಿ,
ಕಲ್ಲವ್ವ ಹೆಬಸೂರ