ನಿಮ್ಮ ಮಾತು, ಬೇರೆಯವಳ ಬಾಯಲ್ಲಿ

ದೊಡ್ಡಮ್ಮ,

ನಾವಿಬ್ಬರೂ ಜೀವಮಾನವಿಡೀ ತುಳುವಿನಲ್ಲೇ ಮಾತನಾಡಿದವರು. ಆದರೆ ನನಗೆ ಬರೆಯಲು ಬರುವುದು ಕನ್ನಡ, ನೀವು ಓದುತ್ತಿದ್ದುದೂ ಕನ್ನಡ. ಹಾಗಾಗಿ ಇದನ್ನು ಕನ್ನಡದಲ್ಲೇ ಓದಿ. ಬೈಯುವುದಿದ್ದರೆ ತುಳುವಿನಲ್ಲಿ ಬೈಯಿರಿ.

ಮಣಿಪಾಲದಲ್ಲಿ ನನ್ನ ನಾಟಕದ ತಾಲೀಮಿಗೆ ಮೊದಲ ಸಲ ಬಂದದ್ದು ನೆನಪುಂಟಾ? ಕಾಪುವಿನಲ್ಲಿ ಮೀನು ಮಾರಿ, ಬುಟ್ಟಿ ತೊಳೆದಿಟ್ಟು, ಮಗಳು ಜಲಜಳನ್ನು ಕರೆದುಕೊಂಡು ಬಂದಿರಿ. ಗ್ರೀಕರ ಹಳೆಯ ದುರಂತ ನಾಟಕವೊಂದನ್ನು ನಾನು ರಾಣಿಯ ಕಡೆಯಿಂದ ತಿರುಗಿ ಬರೆದಿದ್ದೆ. ಹಡಗಿಗೆ ಗಾಳಿ ಬೇಕೆಂದು ರಾಜ ಮಗಳನ್ನೇ ಬಲಿ ಕೊಡುತ್ತಾನೆ. ರಾಣಿ ಅವನನ್ನು ಕೊಲ್ಲುತ್ತಾಳೆ, ಮಗ ರಾಣಿಯನ್ನು ಕೊಲ್ಲುತ್ತಾನೆ. ತಾಯಿ ಬರೀ ಹೊತ್ತವಳು, ಮಗು ತಂದೆಯದ್ದು, ಆದ್ದರಿಂದ ಮಗ ನಿರ್ದೋಷಿ ಎಂದು ನ್ಯಾಯಸಭೆ ತೀರ್ಪು ಕೊಡುತ್ತದೆ. ನೀವು ನಕ್ಕುಬಿಟ್ಟಿರಿ. "ಇದೆಂತ ಮಾರಾಯ್ತಿ? ನಮ್ಮಲ್ಲಿ ಕುಟುಂಬ ಬರುವುದೇ ತಾಯಿಯಿಂದ. ಆ ನ್ಯಾಯಾಧೀಶ ಯಾರ ಹೊಟ್ಟೆಯಲ್ಲಿ ಹುಟ್ಟಿದ್ದಂತೆ, ಕೇಳು."

ತಿಂಗಳುಗಟ್ಟಲೆ ತಲೆ ಕೆರೆದುಕೊಂಡರೂ ನನಗೆ ಸಿಕ್ಕದಿದ್ದ ಅಂತ್ಯ ಅದು. ಅಲ್ಲೇ ಬರೆದುಕೊಂಡೆ. ಊರ ಹೆಂಗಸರ ಗುಂಪಿನ ಮುದುಕಿಯಾಗಿ ನೀವೇ ಎದ್ದು ನಿಂತು ಇದನ್ನು ಹೇಳಬೇಕು ಎಂದೆ. ನಾಚಿಕೊಂಡಿರಿ. ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಿರಿ.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ಫೋನ್ ಮಾಡಿದೆನಲ್ಲ... ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ, ದೊಡ್ಡಮ್ಮ. ನಿಮ್ಮ ಕನ್ನಡದಲ್ಲಿ ತುಳುವಿನ ರಾಗ ಕೇಳುತ್ತದೆ, ಬೆಂಗಳೂರಿನಿಂದ ಬರುವ ವಿಮರ್ಶಕರು ನಕ್ಕರೆ ಏನು ಗತಿ ಎಂದು ನನಗೇ ಹೆದರಿಕೆ. ಮಾತನ್ನು ಕಾಲೇಜು ಹುಡುಗಿಯೊಬ್ಬಳಿಗೆ ಕೊಟ್ಟೆ. ನಿಮಗೆ ಮಾತ್ರ "ಆ ದೃಶ್ಯವನ್ನೇ ತೆಗೆದೆವು" ಎಂದು ಸುಳ್ಳು ಹೇಳಿದೆ. "ಅಡ್ಡಿಲ್ಲ ಮಗಾ, ನಾಟಕ ಚಂದ ಆಗಲಿ" ಎಂದಿರಿ. ಹೆಂಗಸರ ಬಾಯಿ ಮುಚ್ಚಿಸಿದವರ ಬಗ್ಗೆ ನಾಟಕ ಬರೆದವಳಂತೆ ನಾನು! ನನ್ನ ಬಾಯಿಗಿಷ್ಟು ಮಣ್ಣು ಹಾಕಬೇಕು.

ಉಡುಪಿಯ ಪ್ರದರ್ಶನಕ್ಕೆ ನೀವು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಮೂರನೇ ಸಾಲಿನಲ್ಲಿ ಕೂತಿದ್ದಿರಿ. ಹುಡುಗಿ ನಿಮ್ಮ ಮಾತನ್ನು ಒಂದಕ್ಷರ ಬಿಡದೆ ಹೇಳುವಾಗ ಪರದೆಯ ಸಂದಿಯಿಂದ ನಿಮ್ಮ ಮುಖ ನೋಡಬೇಕೆಂದು... ನೋಡಲಿಲ್ಲ. ಹೊರಗೆ ಸಿಕ್ಕಾಗ, "ಹುಡುಗಿ ಭಾರಿ ಸ್ಪಷ್ಟ ಹೇಳ್ತಾಳೆ" ಎಂದಿರಿ, ಅಷ್ಟೇ. ಆಗಲೇ ಎರಡು ಬೈದಿದ್ದರೆ ಆಗುತ್ತಿರಲಿಲ್ಲವೇ? ತಿಂಗಳೊಳಗೆ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಕ್ಷಮೆ ಕೇಳಲು ನನಗೆ ಪುರುಸೊತ್ತಾಗಲಿಲ್ಲ. ಇಲ್ಲ, ಪುರುಸೊತ್ತಿತ್ತು. ಮುಖವಿರಲಿಲ್ಲ.

ನಿಮ್ಮ ಉತ್ತರಕ್ರಿಯೆಯ ದಿನ ಜಲಜ ಊಟದ ಎಲೆ ಹಾಕುತ್ತಾ ಹೇಳಿದಳು, "ಅಮ್ಮ ಅವತ್ತು ಉಡುಪಿಗೆ ಬಂದದ್ದು ಪಾತ್ರದ ಸೀರೆ ಉಟ್ಟುಕೊಂಡೇ. ಕೊನೇ ಗಳಿಗೆಯಲ್ಲಿ ನೀನು ಕರೆದರೆ ಅಂತ."

ನಿನ್ನೆ ಕಾರ್ಕಳದಲ್ಲಿ ನಾಟಕವಿತ್ತು. ಮುಗಿದ ಮೇಲೆ ಮೈಕ್ ಹಿಡಿದು ಎಲ್ಲವನ್ನೂ ಹೇಳಿದೆ. ಕೊನೆಯ ಮಾತು ಯಾರದ್ದು, ಅವರನ್ನು ಯಾಕೆ ಕೈಬಿಟ್ಟೆ, ಎಂಥ ಸುಳ್ಳು ಹೇಳಿದೆ, ಒಂದನ್ನೂ ಬಿಡಲಿಲ್ಲ. ಈಗ ಉಗಿಯುತ್ತಾರೆ ಎಂದು ಕಾದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ದೊಡ್ಡಮ್ಮ. ಎಷ್ಟು ದೊಡ್ಡ ಮನಸ್ಸು ಎಂದು ಕೈ ಕುಲುಕಿದರು. ಅದನ್ನೂ ನಾನೇ ತೆಗೆದುಕೊಂಡೆ ನೋಡಿ.

ಜಲಜ ಮಾತ್ರ ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದಳು. ಆ ಸಭೆಯಲ್ಲಿ ನಿಮ್ಮ ಕಡೆಯವಳು ಅವಳೊಬ್ಬಳೇ.

ನಿಮ್ಮ
ವಸಂತಿ