ಗೆರೆಯವರೆಗೆ ನೀರು

೧೪ ನವೆಂಬರ್, ಶುಕ್ರವಾರ

ಗಾಜಿನ ತೊಟ್ಟಿಯಲ್ಲಿ ಸಾಕಿದ ಜೀವಂತ ಹವಳದ ತುಂಡುಗಳೆಲ್ಲ ಮುದುಡಿಕೊಂಡಿವೆ. ನಾಲ್ಕು ದಿನ ನಾನು ಊರಲ್ಲಿರಲಿಲ್ಲ. ತೊಟ್ಟಿಯ ನೀರು ನಾನು ಎಳೆದ ಗೆರೆಗಿಂತ ಕೆಳಗಿಳಿದರೆ ತುಂಬಿಸಿ ಎಂದು ಅತ್ತೆಗೆ ಹೇಳಿ ಹೋಗಿದ್ದೆ. ಯಾವ ನೀರು ಎಂದು ಹೇಳಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವರು ದಿನಾ, ನೀರು ಬದಲಿಸಲೆಂದು ಕಲಸಿಟ್ಟ ಡ್ರಮ್ಮಿನ ಉಪ್ಪುನೀರನ್ನೇ ಸುರಿದಿದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ.

"ಸಮುದ್ರದ ಜೀವ ಅಲ್ವಾ, ಸಪ್ಪೆ ನೀರು ಹಾಕೋಕೆ ಮನಸ್ಸು ಬರ್ಲಿಲ್ಲ" ಅಂದರು.

ಉಪ್ಪನ್ನು ಒಮ್ಮೆಲೇ ಇಳಿಸಿದರೂ ಸಾಯುತ್ತವೆ. ಗಂಟೆಗೊಂದು ಲೋಟ ಸಿಹಿನೀರು ಹಾಕುತ್ತ ಕೂತಿದ್ದೇನೆ, ಬೇರೇನೂ ಮಾಡುವಂತಿಲ್ಲ. ನೇರಳೆ ತುಂಡು ಆಗಲೇ ಬೆಳ್ಳಗಾಗಿದೆ, ಉಳಿಯುವುದು ಕಷ್ಟ.

"ಅರಳಿದ್ವಾ?" ಅಂತ ಅತ್ತೆ ಒಳಗಿನಿಂದ ಕೇಳಿದರು.

"ಮಲಗಿವೆ, ನೀವೂ ಮಲಗಿ" ಅಂದೆ.

ಮಲಗಲಿಲ್ಲ. ಈಗ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. "ಇದು ಸಪ್ಪೇನೇ, ಕುಡಿದು ನೋಡ್ದೆ."