ಲಾವಂಚಕ್ಕೆ ಬಯಕೆ ಶಾಸ್ತ್ರ

ಹುವಾಯ್ ತೋಂಗ್,
ಅಕ್ಟೋಬರ್ 12

ಪ್ರೀತಿಯ ತಂಗಿ ಫೋಂಗ್‌ಕೇವ್‌ಗೆ,

ಹೇಗಿದ್ದೀಯಾ? ಚಿಯಾಂಗ್‌ಮಾಯಿಯಿಂದ ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಪೆನ್ನು ಹಿಡಿದು ಕೂತೆ, ಎದ್ದೆ, ಮತ್ತೆ ಕೂತೆ. ಬೇಕಾದಷ್ಟು ಬೈದುಕೋ, ಆದರೆ ಪೂರ್ತಿ ಓದು.

ಗದ್ದೆ ಮಾರುವ ಕಾಗದ ನಿನಗೂ ಬಂದಿರಬೇಕು. ಬೆಟ್ಟದ ಮೇಲಿನ ಸತುವಿನ ಗಣಿಯಿಂದ ಕಾಲುವೆಗಿಳಿದ ಕ್ಯಾಡ್ಮಿಯಂ ನಮ್ಮ ಮಣ್ಣಿನಲ್ಲಿ ಸೇರಿದೆ, ಇನ್ನು ಭತ್ತ ಬೆಳೆಯಬೇಡಿ ಎಂದು ಸರ್ಕಾರದವರು ಹೇಳಿದ ಮೇಲೆ ಅರ್ಧ ಊರು ಮಾರಿಕೊಂಡಿತು. ಕೊಂಡವರು ಗೋದಾಮು ಕಟ್ಟುತ್ತಾರಂತೆ. ಅಪ್ಪ ಇಬ್ಬರ ಹೆಸರಿಗೂ ಬರೆದದ್ದರಿಂದ ನಿನ್ನ ಸಹಿಯೂ ಬೇಕು. ಹಾಕಬೇಡ. ಗಣಿಯವರು ಕೆಡಿಸಿದ್ದನ್ನು ಸಿಮೆಂಟಿನಡಿ ಮುಚ್ಚಿಬಿಟ್ಟರೆ ಯಾರೂ ಏನೂ ತಪ್ಪು ಮಾಡಲಿಲ್ಲ ಎಂದಾಗುತ್ತದೆ. ಅದಕ್ಕೆ ನಾನು ಒಪ್ಪುವವಳಲ್ಲ.

ಮೂರು ವರ್ಷದಿಂದ ಲಾವಂಚ ನೆಟ್ಟಿದ್ದೇನೆ. ವಿಶ್ವವಿದ್ಯಾಲಯದ ಮೇಡಂ ಮಣ್ಣಿನ ಸೂಕ್ಷ್ಮಜೀವಿಗಳನ್ನು ಸಾಕಿ ಕೊಡುತ್ತಾರೆ. ಡ್ರಮ್ಮಿನಲ್ಲಿ ಕಾಕಂಬಿ, ತೌಡು ಹಾಕಿ ಅವನ್ನು ಹೆಚ್ಚಿಸಿ ಬುಡಕ್ಕೆ ಹುಯ್ಯುತ್ತೇನೆ. ಅವು ವಿಷವನ್ನು ಕರಗಿಸಿ ಕೊಡುತ್ತವೆ, ಬೇರು ಹೀರಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬೇರುಸಮೇತ ಕಿತ್ತು ಲಾರಿಗೆ ತುಂಬುತ್ತೇವೆ, ವಿಶ್ವವಿದ್ಯಾಲಯದವರು ಒಯ್ದು ಕುಲುಮೆಯಲ್ಲಿ ಸುಡುತ್ತಾರೆ. ಡ್ರಮ್ಮಿನ ನಾತಕ್ಕೆ ಪಕ್ಕದ ಮನೆಯ ನಾಯಿ ಕೂಡ ದಾರಿ ಬದಲಿಸಿದೆ.

ಮೊನ್ನೆ, ಭತ್ತ ಬಸಿರಾಗುವ ಕಾಲ ಬಂತಲ್ಲ, ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಅಮ್ಮ ಭತ್ತಕ್ಕೆ ಬಯಕೆ ಶಾಸ್ತ್ರ ಮಾಡುತ್ತಿದ್ದಂತೆ ಕನ್ನಡಿ, ಬಾಚಣಿಗೆ, ಪೌಡರು, ಹುಳಿ ಹಣ್ಣು ಬುಟ್ಟಿಗೆ ಹಾಕಿಕೊಂಡು ಹೋದೆ. ಭತ್ತವೇ ಇಲ್ಲದ ಮೇಲೆ ಭತ್ತದ ತಾಯಿ, ಆ ದೇವತೆ, ಎಲ್ಲಿದ್ದಾಳೆ ಅಲ್ಲಿ? ಲಾವಂಚದ ಮುಂದೆಯೇ ಇಟ್ಟು, ಗರಿಗಳಿಗೆ ಪೌಡರು ಹಚ್ಚಿ ಬಾಚಿದೆ. ಇಂತಾ ಗೊತ್ತಲ್ಲ, ಈಗ ಊರಿನ ಮುಖ್ಯಸ್ಥ, ಶಾಲೆಯಲ್ಲಿ ನಿನ್ನ ಪಕ್ಕ ಕೂತು ಮೂಗು ಸುರಿಸುತ್ತಿದ್ದನಲ್ಲ ಅವನೇ, ಬೈಕು ನಿಲ್ಲಿಸಿ ನಕ್ಕ.

"ಏನಕ್ಕಾ, ಹುಲ್ಲಿಗೂ ಬಯಕೆ ಶಾಸ್ತ್ರನಾ? ತಲೆ ನೆಟ್ಟಗಿದೆ ತಾನೆ?"

"ಭತ್ತ ಬರೀ ನೀರು ಕುಡೀತಿತ್ತು ಕಣೋ. ಇದು ವಿಷ ಕುಡೀತಾ ಇದೆ. ಹುಳಿ ಯಾರಿಗೆ ಜಾಸ್ತಿ ಬೇಕು, ನೀನೇ ಹೇಳು."

"ಈ ಮಣ್ಣು ಶುದ್ಧ ಆಗೋ ಹೊತ್ತಿಗೆ ನೀನೇ ಇರಲ್ಲ. ಸುಮ್ನೆ ತಂಗಿ ಹತ್ರ ಸಹಿ ಹಾಕಿಸು."

"ನಾನಿಲ್ದಿದ್ರೆ ಗದ್ದೆ ಇರುತ್ತಲ್ಲ. ಮೊದ್ಲು ಗಾಡಿ ತೆಗಿ, ಸಸಿ ಮೇಲೆ ನಿಲ್ಲಿಸಿದೀಯ!"

ಈ ಸಲದ ಪರೀಕ್ಷೆಯಲ್ಲಿ ವಿಷ ಐದನೇ ಒಂದು ಪಾಲು ಇಳಿದಿದೆ. ಇನ್ನೂ ಹನ್ನೆರಡು ವರ್ಷ ಬೇಕು ಎಂದರು ಮೇಡಂ, ತುಸು ಸಂಕೋಚದಿಂದಲೇ. ನನಗೀಗ ಅರವತ್ತೊಂದು. ಆಗಲಿ, ನೆಡುತ್ತೇನೆ ಎಂದೆ.

ಬುದ್ಧ, ಧರ್ಮ, ಸಂಘ, ಈ ತ್ರಿರತ್ನಗಳ ಕಾವಲು ನಿನಗೂ ಮಕ್ಕಳಿಗೂ ಇರಲಿ.

ನಿನ್ನ ಅಕ್ಕ,
ಬುವಾಖಾಮ್

ಮತ್ತೆ: ಮೇಡಂ ಹಳೆಯ ವರದಿ ತೋರಿಸಿದರು. ಕಾಲುವೆಯ ನೀರು ಮೊದಲು ಬೀಳುವ ಮಡಿಯಲ್ಲೇ ವಿಷ ಎಲ್ಲಕ್ಕಿಂತ ಹೆಚ್ಚಂತೆ. ಅದು ಅನ್ನದ ಜೊತೆ ಒಳಗೆ ಹೋದರೆ ಮೂತ್ರಪಿಂಡವನ್ನೇ ಕೆಡಿಸುತ್ತದಂತೆ. ತೆನೆ ಅಲ್ಲೇ ದಪ್ಪ ಬರುತ್ತಿತ್ತು. ಭತ್ತ ನಿಲ್ಲಿಸುವವರೆಗೆ ಹನ್ನೊಂದು ವರ್ಷ ಆ ಮಡಿಯ ಹೊಸ ಅಕ್ಕಿಯನ್ನೇ ಆರಿಸಿ ನಿನಗೆ ಕಳಿಸಿದೆ, ಉಳಿದದ್ದನ್ನು ನಾನು ತಿಂದೆ. ಮೂತ್ರಪಿಂಡ ಕೆಟ್ಟಿದೆ, ಕಾರಣ ತಿಳಿಯುತ್ತಿಲ್ಲ ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಡಾಕ್ಟರಿಗೆ ಇದನ್ನು ಹೇಳು, ಮಕ್ಕಳಿಗೂ ಪರೀಕ್ಷೆ ಮಾಡಿಸು. ಇದನ್ನು ಮುಚ್ಚಿಟ್ಟು ನಿನ್ನ ಸಹಿ ತಡೆಯಲು ನನಗೆ ಮನಸ್ಸು ಬರಲಿಲ್ಲ. ಇದನ್ನು ಓದಿದ ಮೇಲೆ ಆ ಗದ್ದೆ ಬೇಡ ಅನ್ನಿಸಿದರೆ ಸಹಿ ಹಾಕು. ನಾನು ಒಂದು ಮಾತೂ ಆಡುವುದಿಲ್ಲ.